ಮಗ ಶನಿವಾರ ಪೂರ್ತಿ ಯಾರ್ಕ್ ಸ್ಟೇಷನ್‌ನಲ್ಲಿ ಎಂಜಿನ್ ಫೋಟೋ ತೆಗೆಯುತ್ತಾನೆ. ಬಿಡಬಹುದಾ?

ಯಾರ್ಕ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಯಾರ್ಕ್‌ಗೆ ಬಂದು ನಾಲ್ಕು ವರ್ಷ ಆಯ್ತು. ಮಗನಿಗೆ ಈಗ ಹದಿಮೂರು. ಹೋದ ಬೇಸಿಗೆಯಿಂದ ಅವನಿಗೊಂದು ಹುಚ್ಚು ಹತ್ತಿದೆ. ಶನಿವಾರ ಬಂದರೆ ಸಾಕು, ಅವರಪ್ಪನ ಹಳೇ ಕ್ಯಾಮೆರಾ, ಒಂದು ನೋಟ್‌ಬುಕ್, ಡಬ್ಬಿಯಲ್ಲಿ ಚಿತ್ರಾನ್ನ ಹಿಡಿದುಕೊಂಡು ರೈಲ್ವೆ ಸ್ಟೇಷನ್‌ಗೆ ಹೋಗುತ್ತಾನೆ. ಎಲ್ಲಿಗೂ ಪ್ರಯಾಣ ಮಾಡಲ್ಲ. ಸುಮ್ನೆ ಕೂತು ಬಂದ ಎಂಜಿನ್‌ಗಳ ಫೋಟೋ ತೆಗೆದು, ನಂಬರ್ ಬರೆದುಕೊಂಡು ಸಂಜೆ ವಾಪಸ್ ಬರುತ್ತಾನೆ.

ಮೊನ್ನೆ ಅವನಿಗೆ ಗೊತ್ತಾಗದ ಹಾಗೆ ಹಿಂದೆಯೇ ಹೋದೆ. (ಹೌದು, ತಪ್ಪು. ಬೈಯಬೇಡಿ.) ಕಾಲುಸೇತುವೆ ಮೇಲೆ ನಿಂತು ನೋಡಿದೆ. ಪ್ಲಾಟ್‌ಫಾರಂನ ಕಟ್ಟಕಡೆಯ ತುದಿ, ಚಾವಣಿ ಮುಗಿದು ಮಳೆ ನೇರವಾಗಿ ತಲೆ ಮೇಲೆ ಬೀಳುವ ಜಾಗ. ಅಲ್ಲಿ ಇವನೊಬ್ಬ, ಜೊತೆಗೆ ಎಪ್ಪತ್ತು ದಾಟಿದ ಮೂವರು ಅಜ್ಜಂದಿರು. ನಾಲ್ಕೂ ಜನರ ಕೈಯಲ್ಲಿ ನೋಟ್‌ಬುಕ್. ಮಾತಿಲ್ಲ ಕತೆಯಿಲ್ಲ. ಅಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಬಂತು. ಮುಂದೆ ಕಡು ಹಸಿರು ಬಣ್ಣದ ಎಂಜಿನ್. ನಾಲ್ವರೂ ಒಟ್ಟಿಗೆ ಎದ್ದು ನಿಂತರು, ದೇವಸ್ಥಾನದಲ್ಲಿ ಮಂಗಳಾರತಿಗೆ ಎದ್ದ ಹಾಗೆ. ನನ್ನ ಮಗ ಫೋಟೋ ತೆಗೆದವನು ಆಮೇಲೆ ಸ್ಕ್ರೀನ್ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. ಒಬ್ಬ ಅಜ್ಜ ಅವನ ಬೆನ್ನು ತಟ್ಟಿದರು.

ಆ ಎಂಜಿನ್‌ನಲ್ಲಿ ಅಂಥದ್ದೇನಿತ್ತು? ಮನೆಯಲ್ಲಿ ಕೇಳಿದರೆ "ನಿನಗೆ ಅರ್ಥ ಆಗಲ್ಲ ಬಿಡಮ್ಮ" ಅಂತಾನೆ. ಇಲ್ಲಿ ಸ್ಟೇಷನ್‌ನಲ್ಲಿ ಫೋಟೋ ತೆಗೆಯಬಹುದಾ? ಅಪಾಯ ಇಲ್ವಾ? ಬಿಡಲೋ ಬೇಡವೋ?

ಲೀಡ್ಸ್_ರಾಯರು

ಮೊದಲು ಕಾನೂನಿನ ಮಾತು. ಸ್ವಂತಕ್ಕೆ ಫೋಟೋ ತೆಗೆಯಲು ಇಲ್ಲಿ ಅಡ್ಡಿ ಇಲ್ಲ. ಹಳಿ, ಸ್ಟೇಷನ್ ನೋಡಿಕೊಳ್ಳುವ ನೆಟ್‌ವರ್ಕ್ ರೈಲ್‌ನವರೇ ರೈಲು ಪ್ರಿಯರಿಗೆ ಅಂತ ನಿಯಮ ಬರೆದಿಟ್ಟಿದ್ದಾರೆ. ಬಂದ ತಕ್ಷಣ ಸಿಬ್ಬಂದಿಗೆ ಒಂದು ಮಾತು ಹೇಳಬೇಕು. ಹಳದಿ ಗೆರೆಯ ಹಿಂದೆ ಇರಬೇಕು. ಫ್ಲ್ಯಾಶ್ ಹಾಕಲೇಬಾರದು, ಡ್ರೈವರ್ ಕಣ್ಣಿಗೆ ಕತ್ತಲೆ ಬರುತ್ತದೆ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ: ರೈಲ್ವೆಯವರು ಹಾಕುವಂಥ ಹೊಳೆಯುವ ಜಾಕೆಟ್ ಹಾಕಿಕೊಂಡು ಹೋಗಬಾರದು. ಮಗನ ಸೇಫ್ಟಿಗೆ ಅಂತ ತಾಯಂದಿರು ಅದನ್ನೇ ತೊಡಿಸಿ ಕಳಿಸುತ್ತಾರೆ. ಡ್ರೈವರ್ ಸಿಬ್ಬಂದಿ ಅಂತ ತಪ್ಪು ತಿಳಿಯಬಹುದು.

ಯಾರ್ಕ್‌ನಲ್ಲಿ ಒಂದು ಅನುಕೂಲ ಇದೆ. ಅಲ್ಲಿ ಟಿಕೆಟ್ ಗೇಟ್ ಇಲ್ಲ. ನೇರ ಒಳಗೆ ನಡೆದು ಹೋಗಬಹುದು.

ಯಾರ್ಕ್_ಅಮ್ಮ

ಅಯ್ಯೋ ರಾಯರೇ, ನಾನು ಅದೇ ಜಾಕೆಟ್ ಕೊಡಿಸಿದ್ದೆ. ಅವನು ಹಾಕಿಕೊಳ್ಳಲ್ಲ ಅಂತ ಜಗಳ ಬೇರೆ ಆಗಿತ್ತು.

ಟ್ಯೂಷನ್_ತಂದೆ

ನೇರ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ವಾರಕ್ಕೆ ಎಂಟು ಗಂಟೆ ಎಂಜಿನ್ ನಂಬರ್ ಬರೆದರೆ ಏನು ಸಿಗುತ್ತದೆ? ಆ ನಂಬರ್‌ಗಳೆಲ್ಲ ಇಂಟರ್‌ನೆಟ್‌ನಲ್ಲಿ ಇವೆ. ಇನ್ನೆರಡು ಮೂರು ವರ್ಷಕ್ಕೆ ಜಿಸಿಎಸ್‌ಇ ಪರೀಕ್ಷೆ ಬರುತ್ತದೆ. ನನ್ನ ಮಗನನ್ನು ಶನಿವಾರ ಗಣಿತಕ್ಕೆ ಹಾಕಿದ್ದೇನೆ. ಇಲ್ಲಿನವರೇ ಇಂಥವರಿಗೆ "ಅನೋರಾಕ್" ಅಂತ ಹೆಸರಿಟ್ಟು ನಗುತ್ತಾರೆ. ನಮ್ಮ ಮಕ್ಕಳಿಗೆ ಆ ಪಟ್ಟ ಬೇಕಾ?

ಸ್ವಿಂಡನ್_ಸೊಸೆ

ಅನೋರಾಕ್ ಅಂದರೇನು?

ಲೀಡ್ಸ್_ರಾಯರು

ಟೋಪಿ ಇರುವ ಮಳೆ ಕೋಟು. ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲುವವರು ಅದನ್ನೇ ಹಾಕುತ್ತಿದ್ದರು, ಹಾಗಾಗಿ ಕೋಟಿನ ಹೆಸರೇ ಅವರಿಗೆ ಅಂಟಿಕೊಂಡಿತು. ಮಳೆ ಬರುವ ದೇಶದಲ್ಲಿ ಮಳೆ ಕೋಟು ಹಾಕಿದರೆ ನಗುವವರಿಗೆ ಏನು ಹೇಳೋಣ.

ಹುಬ್ಬಳ್ಳಿ_ಹುಡುಗ

ಅಕ್ಕಾರ, ಮೊದಲು ನನಗ ಒಂದು ಹೇಳ್ರಿ, ಆ ಹಸಿರು ಎಂಜಿನ್ ಸಪ್ಪಳ ಹೆಂಗಿತ್ತು? ನಿಂತಾಗ ನೆಲ ನಡುಗುವಂಥ ಗುಂಯ್‌ ಸಪ್ಪಳ ಇತ್ತಾ?

ಯಾಕೆ ಕೇಳಿದೆ ಅಂದರೆ, ನಾನು ಇಲ್ಲಿ ಶೆಫೀಲ್ಡ್‌ಗೆ ಬಂದ ಮೊದಲ ವಾರ, ರಾತ್ರಿ ಮನೆ ಹಿಂದಿನ ಹಳಿ ಮೇಲೆ ಒಂದು ಗೂಡ್ಸ್ ಹೋಯಿತು. ಹಾಸಿಗೆಯಿಂದ ಎದ್ದು ಕೂತೆ. ಥೇಟ್ ನಮ್ಮೂರಿನ ಸಪ್ಪಳ! ಆಮೇಲೆ ಹುಡುಕಿ ನೋಡಿದೆ. ಇಲ್ಲಿನ ಕ್ಲಾಸ್ 66 ಅನ್ನುವ ಜಾತಿಯ ಎಂಜಿನ್ ಒಳಗೆ ಇರುವುದು ಅಮೆರಿಕದ ಇಎಂಡಿ ಕಂಪನಿಯ 710 ಅನ್ನುವ ಟು ಸ್ಟ್ರೋಕ್ ಡೀಸೆಲ್, 12 ಸಿಲಿಂಡರ್. ನಮ್ಮ ಹುಬ್ಬಳ್ಳಿ ಡೀಸೆಲ್ ಶೆಡ್‌ನ ಡಬ್ಲ್ಯೂಡಿಜಿ-4 ಗೂಡ್ಸ್ ಎಂಜಿನ್ ಒಳಗೂ ಅದೇ 710, ಆದರೆ 16 ಸಿಲಿಂಡರ್. ಅಣ್ಣ ತಮ್ಮ ಇದ್ದ ಹಾಗೆ. ಚಿಕ್ಕವನು ಇಂಗ್ಲೆಂಡಿಗೆ ಬಂದ, ದೊಡ್ಡವನು ಹುಬ್ಬಳ್ಳಿಯಲ್ಲಿ ಉಳಿದ.

ಕ್ರೂ_ಹದಿನೇಳು

ನನಗೆ 17 ವರ್ಷ, ಕ್ರೂ ಊರಿನಲ್ಲಿದ್ದೇನೆ, ನಾನೂ ಸ್ಪಾಟರ್, ಅಂದರೆ ಎಂಜಿನ್ ನೋಡಿ ನಂಬರ್ ಬರೆಯುವವನು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ, ಅಜ್ಜಿ ತಿದ್ದುತ್ತಿದ್ದಾರೆ. ಕ್ಲಾಸ್ 66 ಗೆ ನಾವು "ಶೆಡ್" ಅನ್ನುತ್ತೇವೆ ಆಂಟಿ. ಯಾರ್ಕ್‌ನಲ್ಲಿ ಶೆಡ್ ಜಾಸ್ತಿ ಬರುತ್ತವೆ.

ಸ್ವಿಂಡನ್_ಸೊಸೆ

ಶೆಡ್ ಹೇಗೆ ಬರುತ್ತದೆ? ಎಂಜಿನ್ ತಾನೇ ಶೆಡ್‌ಗೆ ಹೋಗೋದು?

ಹುಬ್ಬಳ್ಳಿ_ಹುಡುಗ

😂 ಹುಬ್ಬಳ್ಳಿಯಲ್ಲಿ ಎಂಜಿನ್ ಶೆಡ್‌ನಲ್ಲಿ ಇರುತ್ತದೆ. ಇಲ್ಲಿ ಎಂಜಿನ್ನೇ ಶೆಡ್.

ಕ್ರೂ_ಹದಿನೇಳು

ಅದರ ಆಕಾರಕ್ಕೆ ಹಾಗೆ ಕರೆಯುತ್ತಾರೆ. ಮೇಲೆ ಇಳಿಜಾರು, ಪಕ್ಕ ಪೂರ್ತಿ ತಗಡು, ಇಲ್ಲಿ ಮನೆ ಹಿತ್ತಲಲ್ಲಿ ಸಾಮಾನು ಇಡುವ ಶೆಡ್ ತರಹ. ಎಲ್ಲದಕ್ಕೂ ಅಡ್ಡಹೆಸರು ಇದೆ. ಕ್ಲಾಸ್ 37 ಗೆ "ಟ್ರ್ಯಾಕ್ಟರ್", ಸದ್ದಿನಿಂದ ಬಂದದ್ದು. ಕ್ಲಾಸ್ 20 ಗೆ "ಚಾಪರ್", ಹೆಲಿಕಾಪ್ಟರ್ ಸದ್ದು. ಕ್ಲಾಸ್ 50 ಗೆ "ಹೂವರ್", ಕಸ ಎಳೆಯುವ ಮಷೀನ್ ಸದ್ದು. ನಂಬರ್ ಓದೋದು ಸುಲಭ. ಐದು ಅಂಕಿ ಇರುತ್ತದೆ. ಮೊದಲ ಎರಡು ಕ್ಲಾಸ್, ಉಳಿದ ಮೂರು ಆ ಎಂಜಿನ್‌ನದೇ ಸ್ವಂತ ನಂಬರ್. ಮೊದಲ ಸಲ ಒಂದು ನಂಬರ್ ನೋಡಿದರೆ ಅದು "ಕಾಪ್". ಆಂಟಿ, ನಿಮ್ಮ ಮಗನಿಗೆ ಅವತ್ತು ದೊಡ್ಡ ಕಾಪ್ ಸಿಕ್ಕಿರಬೇಕು. ಆದರೆ ಫೋಟೋ ಕೆಟ್ಟಿದೆ. ನಂಬರ್ ಎಷ್ಟು ಕೇಳಿ ಪ್ಲೀಸ್!

ಡಾಂಕಾಸ್ಟರ್_ಮಾಮ

ಟ್ಯೂಷನ್ ತಂದೆಯವರೇ, ನಂಬರ್ ಬರೆಯೋದು ಈಗಿನ ಹುಡುಗರ ಚಟ ಅಲ್ಲ. 1942 ರಲ್ಲಿ, ಯುದ್ಧದ ನಡುವೆ, ಲಂಡನ್ನಿನ ವಾಟರ್‌ಲೂನಲ್ಲಿ ಸದರ್ನ್ ರೈಲ್ವೆಯ ಆಫೀಸಿನಲ್ಲಿ ಇಯಾನ್ ಅಲನ್ ಅಂತ ಒಬ್ಬ ಯುವಕ ಕೆಲಸಕ್ಕಿದ್ದ. ಎಂಜಿನ್ ವಿವರ ಕೇಳಿ ಜನ ಬರೆಯುತ್ತಿದ್ದ ಕಾಗದಗಳಿಗೆ ಉತ್ತರ ಬರೆದು ಬರೆದು ಸಾಕಾಗಿ, ಎಲ್ಲ ಎಂಜಿನ್‌ಗಳ ಪಟ್ಟಿ ಮಾಡಿ ತಾನೇ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಬಿಸಿ ದೋಸೆ ಹಾಗೆ ಖರ್ಚಾಯಿತು. ಆಮೇಲೆ ಬೇರೆ ರೈಲ್ವೆಗಳದ್ದೂ ಬಂತು. ಮಕ್ಕಳು ನೋಡಿದ ನಂಬರ್ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆಯೋದು. ಅಷ್ಟೇ ಆಟ. 1950ರ ದಶಕದಲ್ಲಿ ಈ ದೇಶದ ಗಂಡುಮಕ್ಕಳಲ್ಲಿ ಅರ್ಧದಷ್ಟು ಜನ ಇದನ್ನೇ ಮಾಡಿರಬೇಕು ಅಂತ ನಮ್ಮ ಪಕ್ಕದ ಮನೆ ಅಜ್ಜ ಹೇಳುತ್ತಾರೆ. ಅದು ಅವರ ಲೆಕ್ಕ, ನನ್ನದಲ್ಲ.

ಆ ಅಜ್ಜನ ಪುಸ್ತಕ ನಾನು ನೋಡಿದ್ದೇನೆ. ರಟ್ಟು ಕಿತ್ತು ಹೋಗಿದೆ, ಹೊಲಿಗೆ ದಾರ ಹಾಕಿ ಕಟ್ಟಿದ್ದಾರೆ. ಪುಟದ ತುಂಬ ನೀಲಿ ಗೆರೆ. ಒಂದು ಪುಟದಲ್ಲಿ ಮಾತ್ರ ಒಂದು ನಂಬರ್‌ಗೆ ಗೆರೆ ಇಲ್ಲ. "ಅದು ಸಿಗಲೇ ಇಲ್ಲ, ಗುಜರಿಗೆ ಹೋಯಿತು" ಅಂದರು. ಅರವತ್ತು ವರ್ಷ ಆದಮೇಲೂ ಆ ಬೇಜಾರು ಇದೆ ನೋಡಿ.

ಇನ್ನು ನಮ್ಮ ಡಾಂಕಾಸ್ಟರ್ ಬಗ್ಗೆ. ಉಗಿ ಎಂಜಿನ್‌ನ ವಿಶ್ವದಾಖಲೆ ಮಾಡಿದ ಮ್ಯಾಲಾರ್ಡ್ ತಯಾರಾಗಿದ್ದು ಇಲ್ಲೇ. 1938 ಜುಲೈ 3, ಗಂಟೆಗೆ 126 ಮೈಲಿ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಕೂಡ ಇಲ್ಲಿಯದೇ, 1862 ರಿಂದ ಓಡುತ್ತಿದೆ.

ಲೀಡ್ಸ್_ರಾಯರು

ಮಾಮ, ತಿದ್ದುಪಡಿ. 1862 ರಿಂದ ಓಡುತ್ತಿರುವುದು ಗಾಡಿ, ಅಂದರೆ ಲಂಡನ್, ಎಡಿನ್‌ಬರ ನಡುವಿನ ಎಕ್ಸ್‌ಪ್ರೆಸ್. ಎಂಜಿನ್ ಬೇರೆ. ಅದು ತಯಾರಾಗಿದ್ದು 1923 ರಲ್ಲಿ. ಎರಡಕ್ಕೂ ಒಂದೇ ಹೆಸರು.

ಡಾಂಕಾಸ್ಟರ್_ಮಾಮ

ಒಪ್ಪಿದೆ ರಾಯರೇ. ಬರೆಯುವ ಭರದಲ್ಲಿ ಬೆರೆಸಿಬಿಟ್ಟೆ. ಉಡುಪಿ ಹೋಟೆಲ್ ಉಡುಪಿಯಲ್ಲೇ ಇರಬೇಕು ಅಂದುಕೊಂಡ ಹಾಗಾಯಿತು.

ಕ್ರೂ_ಹದಿನೇಳು

ಮ್ಯಾಲಾರ್ಡ್ ಓಡಿದ ಅದೇ ಸ್ಟೋಕ್ ಬ್ಯಾಂಕ್ ಇಳಿಜಾರಿನಲ್ಲಿ 1989 ಸೆಪ್ಟೆಂಬರ್ 17 ರಂದು 91010 ಅನ್ನುವ ಎಲೆಕ್ಟ್ರಿಕ್ ಎಂಜಿನ್ ಗಂಟೆಗೆ 161.7 ಮೈಲಿ ಹೋಗಿದೆ. ಅದನ್ನು ಯಾರೂ ನೆನಪಿಡಲ್ಲ. ಉಗಿ ಅಂದರೆ ಮಾತ್ರ ಎಲ್ಲರ ಕಣ್ಣಲ್ಲೂ ನೀರು. ನಂಬರ್ ಕೇಳಿದಿರಾ ಆಂಟಿ?

ಟ್ಯೂಷನ್_ತಂದೆ

ಇತಿಹಾಸ ಚೆನ್ನಾಗಿದೆ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಇದರಿಂದ ಏನು ಉಪಯೋಗ?

ಬ್ರಿಸ್ಟಲ್_ಬಸವಿ

ಸಾರ್, ಕ್ರಿಕೆಟ್ ಸ್ಕೋರ್ ನೆನಪಿಟ್ಟುಕೊಂಡರೆ ಏನು ಉಪಯೋಗ? ಅದನ್ನು ಯಾರೂ ಕೇಳಲ್ಲ.

ನನ್ನ ಮಗಳಿಗೂ ಇದೇ ಹುಚ್ಚು. ಹೌದು, ಮಗಳು. ಗಂಡು ಹುಡುಗರ ಹವ್ಯಾಸ ಅಂತ ಮೊದಮೊದಲು ಪ್ಲಾಟ್‌ಫಾರಂನಲ್ಲಿ ಅವಳನ್ನು ವಿಚಿತ್ರವಾಗಿ ನೋಡುತ್ತಿದ್ದರು. ಈಗ ಅವಳು ಬರದಿದ್ದರೆ ಅಜ್ಜಂದಿರು ಕೇಳುತ್ತಾರೆ. ದಕ್ಷಿಣದ ಒಂದು ಸ್ಟೇಷನ್‌ನಲ್ಲಿ ಮಾತ್ರ ಗೇಟಿನವನು ಒಳಗೆ ಬಿಡಲಿಲ್ಲ. ಟಿಕೆಟ್ ಎಲ್ಲಿಗೆ ಅಂದ. ಎಲ್ಲಿಗೂ ಇಲ್ಲ, ನೋಡಬೇಕು ಅಷ್ಟೇ ಅಂದಳು. ಆಗಲ್ಲ ಅಂದ. ಮುಂದಿನ ಸ್ಟೇಷನ್‌ಗೆ ಟಿಕೆಟ್ ತಗೊಂಡು ಒಳಗೆ ಹೋಗಿ ಮೂರು ಗಂಟೆ ಕೂತು ಬಂದೆವು. ಆ ಟಿಕೆಟ್ ಇನ್ನೂ ನನ್ನ ಪರ್ಸ್‌ನಲ್ಲಿದೆ.

ಗೇಟ್ ಇರುವ ಕಡೆ ಎಲ್ಲ ಅಲ್ಲಿರುವವರ ಮನಸ್ಸು. ನಗುನಗುತ್ತಾ ಕೇಳಿದರೆ ಹತ್ತರಲ್ಲಿ ಎಂಟು ಸಲ ಬಿಡುತ್ತಾರೆ.

ಕ್ಯಾಮೆರಾ_ಕುಪ್ಪಣ್ಣ

ಉಪಯೋಗದ ಮಾತು ಬಿಡಿ, ಫೋಟೋ ಯಾಕೆ ಕೆಟ್ಟಿತು ಅಂತ ನೋಡೋಣ. ನಾನು ರೈಲು ಫೋಟೋಗ್ರಾಫರ್ ಅಲ್ಲ, ಮದುವೆ ಫೋಟೋಗ್ರಾಫರ್. ಓಡುವ ಗಾಡಿಯೂ ತಾಳಿ ಕಟ್ಟುವ ಗಳಿಗೆಯೂ ಒಂದೇ. ಎರಡನೇ ಸಲ ಆಗಲ್ಲ.

ಮೇಡಂ ಹೇಳಿದ್ದು ಮಳೆ, ಚಾವಣಿ ಮುಗಿದ ಜಾಗ. ಅಂದರೆ ಬೆಳಕು ಕಮ್ಮಿ. ಹಳೇ ಕ್ಯಾಮೆರಾ ಆಟೋದಲ್ಲಿ ಇಟ್ಟಿದ್ದರೆ ಅದು ಶಟರ್ ನಿಧಾನ ಮಾಡಿರುತ್ತದೆ. ಗೂಡ್ಸ್ ನಿಧಾನವಾಗಿ ಬಂದರೂ ಎಂಜಿನ್ ಮೂತಿ ಮಸುಕು. ಶಟರ್ ಕನಿಷ್ಠ 1/500 ಸೆಕೆಂಡಿಗೆ ಇಡಲಿ. ಬೆಳಕು ಸಾಲದಿದ್ದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಅಳತೆ) ಏರಿಸಲಿ, ಕಾಳುಕಾಳು ಬಂದರೂ ಪರವಾಗಿಲ್ಲ. ಮಸುಕಾದ ನಂಬರ್‌ಗಿಂತ ಕಾಳಾದ ನಂಬರ್ ವಾಸಿ.

ಇನ್ನೊಂದು. ಫ್ಲ್ಯಾಶ್ ಆಫ್ ಮಾಡಿದರೆ ಸಾಲದು. ಕತ್ತಲಲ್ಲಿ ಫೋಕಸ್‌ಗೆ ಸಹಾಯ ಮಾಡಲು ಕ್ಯಾಮೆರಾ ಮುಂದೆ ಒಂದು ಕಿತ್ತಳೆ ದೀಪ ಹೊತ್ತಿಕೊಳ್ಳುತ್ತದೆ. ಅದನ್ನೂ ಮೆನುವಿನಲ್ಲಿ ಹೋಗಿ ಆಫ್ ಮಾಡಬೇಕು.

ಲೀಡ್ಸ್_ರಾಯರು

ಈ ದೀಪದ ವಿಷಯ ನನಗೂ ಗೊತ್ತಿರಲಿಲ್ಲ. ಉಪಕಾರ ಕುಪ್ಪಣ್ಣ.

ಬ್ರಿಸ್ಟಲ್_ಬಸವಿ

ಕುಪ್ಪಣ್ಣ, ಒಂದು ಪ್ರಶ್ನೆ. ಹೊಸ ಗಾಡಿಗಳ ಮುಂದೆ ಊರಿನ ಹೆಸರು ಎಲ್‌ಇಡಿಯಲ್ಲಿ ಬರುತ್ತದಲ್ಲ, ಮಗಳು ತೆಗೆದ ಫೋಟೋದಲ್ಲಿ ಅದು ಅರ್ಧ ಮಾತ್ರ ಕಾಣುತ್ತದೆ. ಕಣ್ಣಿಗೆ ಪೂರ್ತಿ ಕಾಣುತ್ತದೆ.

ಕ್ಯಾಮೆರಾ_ಕುಪ್ಪಣ್ಣ

ಆ ಬೋರ್ಡು ಒಂದೇ ಸಮನೆ ಉರಿಯಲ್ಲ ತಂಗಿ. ಸಾಲು ಸಾಲಾಗಿ ಹೊತ್ತಿ ಆರುತ್ತಿರುತ್ತದೆ, ನಮ್ಮ ಕಣ್ಣಿಗೆ ತಿಳಿಯಲ್ಲ. ಶಟರ್ ತುಂಬ ಬೇಗ ಮುಚ್ಚಿದರೆ ಆ ಕ್ಷಣ ಹೊತ್ತಿದ್ದ ಸಾಲು ಮಾತ್ರ ಸಿಗುತ್ತದೆ. ಗಾಡಿ ನಿಂತಮೇಲೆ 1/100 ಕ್ಕೆ ಇಳಿಸಿ ಇನ್ನೊಂದು ತೆಗೆಯಲಿ.

ಸ್ವಿಂಡನ್_ಸೊಸೆ

ನನಗೆ ಎಂಜಿನ್ ಬಗ್ಗೆ ಏನೂ ತಿಳಿಯದು. ಆದರೆ ಚಿತ್ರಾನ್ನ ಮಧ್ಯಾಹ್ನದವರೆಗೆ ಇಟ್ಟರೆ ಈ ಚಳಿಗೆ ಕಲ್ಲಾಗಲ್ವಾ? ಪುಳಿಯೋಗರೆ ಕೊಡಿ. ಎಣ್ಣೆ ಜಾಸ್ತಿ ಇರುತ್ತೆ, ಮೆತ್ತಗಿರುತ್ತೆ.

ಯಾರ್ಕ್_ಅಮ್ಮ

ಕೊಟ್ಟಿದ್ದೆ. ಒಬ್ಬ ಅಜ್ಜನಿಗೆ ರುಚಿ ತೋರಿಸಿದನಂತೆ. ಅವರು ಎರಡು ಲೋಟ ನೀರು ಕುಡಿದರಂತೆ.

ಟ್ಯೂಷನ್_ತಂದೆ

ಮೇಡಂ, ಆ ಮೂವರು ಅಜ್ಜಂದಿರು ಯಾರು ಅಂತ ವಿಚಾರಿಸಿದ್ದೀರಾ? ಹವ್ಯಾಸದ ಮಾತು ಒಂದು ಕಡೆ ಇರಲಿ. ಹದಿಮೂರು ವರ್ಷದ ಹುಡುಗ, ಗುರುತು ಪರಿಚಯ ಇಲ್ಲದ ದೊಡ್ಡವರ ಜೊತೆ ಇಡೀ ದಿನ. ನಾನಾಗಿದ್ದರೆ ಮೊದಲು ಅದನ್ನು ಕೇಳುತ್ತಿದ್ದೆ.

ಬ್ರಿಸ್ಟಲ್_ಬಸವಿ

ಈ ಮಾತು ಮಾತ್ರ ಒಪ್ಪುತ್ತೇನೆ. ಮೊದಲ ಎರಡು ತಿಂಗಳು ನಾನೂ ಹೋಗಿ ಪಕ್ಕದ ಬೆಂಚಲ್ಲಿ ಪುಸ್ತಕ ಓದುತ್ತಾ ಕೂತಿದ್ದೆ. ಎಲ್ಲರನ್ನೂ ಮಾತಾಡಿಸಿದೆ. ಈಗ ಅವಳು ಗಂಟೆಗೊಮ್ಮೆ ಮೆಸೇಜ್ ಹಾಕಬೇಕು, ಅದು ಷರತ್ತು. ಅಕ್ಕಾ, ಸೇತುವೆ ಮೇಲಿಂದ ಇಳಿದು ಒಂದು ಸಲ ಹೋಗಿ ಮಾತಾಡಿಸಿ.

ಲೀಡ್ಸ್_ರಾಯರು

ಮಗನ ಫೋನಿನಲ್ಲಿ 61016 ಅನ್ನುವ ನಂಬರ್ ಹಾಕಿಡಿ. ರೈಲ್ವೆ ಪೊಲೀಸರದು, ಮೆಸೇಜ್ ಕಳಿಸಿದರೆ ಸಾಕು. ತುರ್ತು ಅಂದರೆ 999.

ಹಾಗೇ ಒಂದು ಎಚ್ಚರಿಕೆ. ಯಾರ್ಕ್‌ನಲ್ಲಿ ಹಳಿ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಸೆಲ್ಫಿ ಕೋಲು, ಉದ್ದದ ಸ್ಟ್ಯಾಂಡು ಮೇಲೆತ್ತುವುದು ಬೇಡವೇ ಬೇಡ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ದಕ್ಷಿಣಕ್ಕೆ ಹೋದರೆ ಇನ್ನೊಂದು ತರಹ. ಅಲ್ಲಿ ಬಹಳ ಕಡೆ ಕರೆಂಟು ನೆಲದಲ್ಲೇ, ಪಕ್ಕದ ಮೂರನೇ ಹಳಿಯಲ್ಲಿ 750 ವೋಲ್ಟ್. ಲೆನ್ಸ್ ಮುಚ್ಚಳ ಕೆಳಗೆ ಬಿತ್ತು ಅಂತ ಯಾರೂ ಇಳಿಯಬಾರದು. ಮುಚ್ಚಳ ಹೋದರೆ ಹೋಗಲಿ.

ಡಾಂಕಾಸ್ಟರ್_ಮಾಮ

ಇಳಿಯುವವರು ಇದ್ದಾರೆ ರಾಯರೇ. 2016 ರಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ (ಎಂಜಿನ್! ಎಂಜಿನ್!) ರಿಪೇರಿ ಮುಗಿಸಿ ಲಂಡನ್ನಿಂದ ಯಾರ್ಕ್‌ಗೆ ಬಂದ ದಿನ, ಜನ ಫೋಟೋಗೆ ಹಳಿ ಹತ್ತಿರವೇ ಇಳಿದು ಗಾಡಿ ನಿಲ್ಲಿಸಬೇಕಾಯಿತು. ಅವರಲ್ಲಿ ಹುಡುಗರು ಕಮ್ಮಿ, ತಲೆ ನರೆತವರೇ ಜಾಸ್ತಿ. ನಾನು ಟಿವಿಯಲ್ಲಿ ನೋಡಿ ನಾಚಿಕೆಪಟ್ಟೆ.

ಹುಬ್ಬಳ್ಳಿ_ಹುಡುಗ

ನಮ್ಮ ಕಡೆ ಸಣ್ಣವನಿದ್ದಾಗ ನಾನು ಒಂದು ಸ್ಟೇಷನ್‌ನಲ್ಲಿ ಮೊಬೈಲ್ ಎತ್ತಿದ್ದಕ್ಕೆ ಒಬ್ಬರು ಕಿವಿ ಹಿಂಡಿ ಹೊರಗೆ ಕಳಿಸಿದ್ದರು. ಈಗ ಅದೇ ಊರಿನಲ್ಲಿ 1507 ಮೀಟರ್ ಪ್ಲಾಟ್‌ಫಾರಂ ಮುಂದೆ ಜನ ಸೆಲ್ಫಿ ತೆಗೆಯುತ್ತಾರೆ. ಜಗತ್ತಿನಲ್ಲೇ ಉದ್ದದ್ದು ಅಂತ ಗಿನ್ನೆಸ್‌ನಲ್ಲಿ ಇದೆ ಮತ್ತೆ!

ಕ್ಯಾಮೆರಾ_ಕುಪ್ಪಣ್ಣ

ಅದರ ಈ ತುದಿಯಲ್ಲಿ ಎಂಜಿನ್ ಫೋಟೋ ತೆಗೆದು ಆ ತುದಿಗೆ ಹೋಗುವಷ್ಟರಲ್ಲಿ ಗಾಡಿ ಗದಗ ದಾಟಿರುತ್ತದೆ.

ಹುಬ್ಬಳ್ಳಿ_ಹುಡುಗ

ನಗ್ರಿ ನಗ್ರಿ.

ಯಾರ್ಕ್_ಅಮ್ಮ

ಬಂದೆ. ನಂಬರ್ ಕೇಳಿದೆ. ಮೊದಲು ಮುಖ ಗಂಟು ಹಾಕಿದ. "ಅದು ಶೆಡ್ ತಾನೇ?" ಅಂದೆ. ತಿರುಗಿ ನೋಡಿದ ನೋಟ ಇದೆಯಲ್ಲ! ಇಂಗ್ಲೆಂಡಿಗೆ ಬಂದಮೇಲೆ ನನ್ನ ಮೇಲೆ ಅಷ್ಟು ಗೌರವ ತೋರಿಸಿದ್ದು ಅದೇ ಮೊದಲು. 😄 ನಂಬರ್ 66779. ಕೆಂಪು ಪೆನ್ನಿನಲ್ಲಿ ಎರಡು ಗೆರೆ ಹಾಕಿದ್ದಾನೆ.

ಕ್ರೂ_ಹದಿನೇಳು

ಗೊತ್ತಿತ್ತು!!! ಹಸಿರು ಅಂದಾಗಲೇ ಅನುಮಾನ ಇತ್ತು. ಅಜ್ಜಿ ಬೇಗ ಟೈಪ್ ಮಾಡಿ ಅಂತ ಕಿರುಚಿದೆ.

ಸ್ವಿಂಡನ್_ಸೊಸೆ

ಯಾರಾದರೂ ನಮಗೂ ಬಿಡಿಸಿ ಹೇಳಿ.

ಕ್ರೂ_ಹದಿನೇಳು

66779 ಅಂದರೆ ಬ್ರಿಟನ್ನಿಗೆ ಅಂತ ಹೊಸದಾಗಿ ತಯಾರಾದ ಕಟ್ಟಕಡೆಯ ಶೆಡ್. ಮೊದಲನೆಯವು 1998 ರಲ್ಲಿ ಬಂದವು, ಕೆನಡಾದಲ್ಲಿ ಲಂಡನ್ ಅಂತಲೇ ಇರುವ ಒಂದು ಊರಿನಿಂದ. ಇದು ಬಂದದ್ದು 2016 ರಲ್ಲಿ. ಕೊನೆಯದು ಅಂತ ಇದಕ್ಕೆ ಹಳೇ ಕಾಲದ ಹಸಿರು ಬಣ್ಣ ಹೊಡೆದರು. ಹೆಸರು "ಈವ್ನಿಂಗ್ ಸ್ಟಾರ್". ಆ ಹೆಸರಿಟ್ಟದ್ದು ಎಲ್ಲಿ ಗೊತ್ತಾ? ನಿಮ್ಮ ಯಾರ್ಕ್‌ನಲ್ಲೇ, ಸ್ಟೇಷನ್ ಹಿಂದಿನ ರೈಲ್ವೆ ಮ್ಯೂಸಿಯಂನಲ್ಲಿ.

ಡಾಂಕಾಸ್ಟರ್_ಮಾಮ

ಹುಡುಗ ಅರ್ಧ ಹೇಳಿದ, ಉಳಿದರ್ಧ ನನ್ನದು. ಆ ಹೆಸರು ಸುಮ್ನೆ ಇಟ್ಟದ್ದಲ್ಲ. ಬ್ರಿಟಿಷ್ ರೈಲ್ವೆ ತಯಾರಿಸಿದ ಕೊನೆಯ ಉಗಿ ಎಂಜಿನ್‌ನ ಹೆಸರೇ ಈವ್ನಿಂಗ್ ಸ್ಟಾರ್. ನಂಬರ್ 92220. 1960 ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂತು. ಅದು ಗೂಡ್ಸ್ ಎಳೆಯುವ ಜಾತಿಯ ಎಂಜಿನ್, ಅದರ ಅಣ್ಣಂದಿರೆಲ್ಲ ಕಪ್ಪು. ಇದೊಂದಕ್ಕೆ ಮಾತ್ರ, ಕೊನೆಯದು ಅಂತ, ಎಕ್ಸ್‌ಪ್ರೆಸ್ ಎಂಜಿನ್‌ಗೆ ಹಾಕುವ ಹಸಿರು ಬಣ್ಣ. ಕೊನೆ ಮಗಳ ಮದುವೆ ಜೋರಾಗಿ ಮಾಡುತ್ತಾರಲ್ಲ, ಹಾಗೆ. ಅಷ್ಟೆಲ್ಲ ಮಾಡಿ ಐದೇ ವರ್ಷಕ್ಕೆ, 1965 ರಲ್ಲಿ ಕೆಲಸದಿಂದ ತೆಗೆದರು. 1968ರ ಆಗಸ್ಟ್‌ಗೆ ಮೇನ್ ಲೈನಿನಲ್ಲಿ ಉಗಿಯೇ ಮುಗಿಯಿತು.

ಆ ಮೂವರು ಅಜ್ಜಂದಿರಿಗೆ ಎಪ್ಪತ್ತು ದಾಟಿದೆ ಅಂದಿರಿ. ಅಂದರೆ ಉಗಿ ನಿಂತಾಗ ಅವರು ನಿಮ್ಮ ಮಗನಷ್ಟು ದೊಡ್ಡವರು. ಎದ್ದು ನಿಂತದ್ದು ಡೀಸೆಲ್‌ಗೋ ಇನ್ಯಾವುದಕ್ಕೋ, ನೀವೇ ಕೇಳಬೇಕು.

ಸ್ವಿಂಡನ್_ಸೊಸೆ

ನಮ್ಮ ಸ್ವಿಂಡನ್? ಎಂಟು ವರ್ಷದಿಂದ ಇಲ್ಲಿದ್ದೇನೆ. ಆ ಹಳೇ ಕಾರ್ಖಾನೆ ಕಟ್ಟಡದಲ್ಲಿ ಈಗ ಬಟ್ಟೆ ಅಂಗಡಿಗಳಿವೆ, ಡಿಸ್ಕೌಂಟ್ ಬಂದಾಗೆಲ್ಲ ಹೋಗುತ್ತೇನೆ. ಎಂಜಿನ್ ಅಲ್ಲಿ ತಯಾರಾಗುತ್ತಿತ್ತು ಅಂತ ಗೊತ್ತಿತ್ತು, ಆದರೆ ಕೊನೆಯದು ಅಂತ ಗೊತ್ತಿರಲಿಲ್ಲ.

ಡಾಂಕಾಸ್ಟರ್_ಮಾಮ

ಅದೇ ಕಟ್ಟಡದ ಇನ್ನೊಂದು ಪಕ್ಕದಲ್ಲಿ ಮ್ಯೂಸಿಯಂ ಇದೆ ತಾಯಿ. ಒಂದು ಸೀರೆ ಕಮ್ಮಿ ತಗೊಂಡು ಹೋಗಿ ನೋಡಿ.

ಸ್ವಿಂಡನ್_ಸೊಸೆ

ಅಲ್ಲಿ ಸೀರೆ ಸಿಗಲ್ಲ ಮಾಮ.

ಟ್ಯೂಷನ್_ತಂದೆ

ಸರಿ, ಕತೆ ಚೆನ್ನಾಗಿದೆ. ನಾನು ನನ್ನ ಮಾತು ವಾಪಸ್ ತಗೊಳ್ಳಲ್ಲ. ಆದರೆ ಒಂದು ಅನುಮಾನ. ಯಾವ ಗೂಡ್ಸ್ ಯಾವಾಗ ಬರುತ್ತದೆ ಅಂತ ಇವರಿಗೆ ಹೇಗೆ ಗೊತ್ತು? ಪ್ರಯಾಣಿಕರ ಗಾಡಿ ಆದರೆ ಬೋರ್ಡಿನಲ್ಲಿ ಇರುತ್ತದೆ.

ಕ್ರೂ_ಹದಿನೇಳು

ರಿಯಲ್‌ಟೈಮ್ ಟ್ರೇನ್ಸ್ ಅಂತ ವೆಬ್‌ಸೈಟ್ ಇದೆ ಅಂಕಲ್. ನೆಟ್‌ವರ್ಕ್ ರೈಲ್ ತನ್ನ ಮಾಹಿತಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಪ್ರತಿ ಗಾಡಿಗೂ ನಾಲ್ಕು ಅಕ್ಷರದ ಕೋಡ್ ಇರುತ್ತದೆ. ಮೊದಲನೇ ಅಂಕಿ ನೋಡಿದರೆ ಜಾತಿ ಗೊತ್ತಾಗುತ್ತದೆ. 1 ಅಂದರೆ ಎಕ್ಸ್‌ಪ್ರೆಸ್. 2 ಅಂದರೆ ಎಲ್ಲ ಕಡೆ ನಿಲ್ಲುವ ಲೋಕಲ್. 5 ಅಂದರೆ ಖಾಲಿ ಬೋಗಿ. 6 ಗೂಡ್ಸ್. 0 ಅಂದರೆ ಎಂಜಿನ್ ಒಂದೇ, ಹಿಂದೆ ಏನೂ ಇಲ್ಲ. ನಾನು ಆ ಮಾಹಿತಿ ತಗೊಂಡು ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. 0 ಇಂದ ಶುರುವಾಗುವ ಗಾಡಿ ಕ್ರೂ ಹತ್ತಿರ ಬಂದರೆ ಫೋನ್ ಕೂಗುತ್ತದೆ. ಕ್ಲಾಸಿನಲ್ಲಿ ಒಂದು ಸಲ ಕೂಗಿ ಬೈಸಿಕೊಂಡೆ.

ಬ್ರಿಸ್ಟಲ್_ಬಸವಿ

ಟ್ಯೂಷನ್ ತಂದೆಯವರೇ, ಈ ಹುಡುಗ ಹದಿನೇಳಕ್ಕೆ ಪ್ರೋಗ್ರಾಂ ಬರೆದಿದ್ದಾನಂತೆ. 🙂

ಟ್ಯೂಷನ್_ತಂದೆ

ಓದಿದೆ ಮೇಡಂ. ನನಗೂ ಕಣ್ಣಿದೆ. ತಮ್ಮಾ, ಆ ಪ್ರೋಗ್ರಾಂ ಯಾವ ಭಾಷೆಯಲ್ಲಿ ಬರೆದದ್ದು? ನನ್ನ ಮಗನೂ ಕಲಿಯುತ್ತಿದ್ದಾನೆ, ಆದರೆ ಏನು ಮಾಡಬೇಕು ಅಂತಲೇ ತೋಚುತ್ತಿಲ್ಲ ಅವನಿಗೆ.

ಕ್ರೂ_ಹದಿನೇಳು

ಪೈಥಾನ್ ಅಂಕಲ್. ಕಳಿಸುತ್ತೇನೆ. ಆದರೆ ಅದು ಓಡಬೇಕಾದರೆ ಅವನು ಯಾವುದಾದರೂ ಸ್ಟೇಷನ್ ಆರಿಸಬೇಕು.

ಹುಬ್ಬಳ್ಳಿ_ಹುಡುಗ

ಸಿಕ್ಕಿಬಿದ್ರು ಸಾರ್ 😂

ಯಾರ್ಕ್_ಅಮ್ಮ

ಇನ್ನೊಂದು ವಿಷಯ ಹೇಳಲೇಬೇಕು. ನಿನ್ನೆಯಿಂದ ನಗಬೇಕೋ ಅಳಬೇಕೋ ಗೊತ್ತಾಗಿಲ್ಲ.

ನಿನ್ನೆ ಅವನೇ ನೋಟ್‌ಬುಕ್ ತೋರಿಸಿದ. ಪುಟಕ್ಕೆ ನಾಲ್ಕು ಕಾಲಂ. ಹೊತ್ತು, ನಂಬರ್, ಏನು ಎಳೆಯುತ್ತಿತ್ತು, ಷರಾ. ಹಸಿರು ಎಂಜಿನ್ ಸಾಲಿನಲ್ಲಿ ಹೀಗಿದೆ: 11:42. 66779. ಡ್ರ್ಯಾಕ್ಸ್ ವಿದ್ಯುತ್ ಸ್ಥಾವರಕ್ಕೆ ಹೋಗುವ ಮರದ ಪೆಲೆಟ್ ಗಾಡಿ. ಷರಾ: ಮೊದಲ ಸಲ. ಫೋಟೋ ಮಸುಕು.

ಅದರ ಮೇಲಿನ ಸಾಲು ಓದಿದೆ. ಹೊತ್ತು 11:20. ನಂಬರ್ ಜಾಗದಲ್ಲಿ ಒಂದು ಅಡ್ಡಗೆರೆ. ಷರಾ: ಅಮ್ಮ. ಕಾಲುಸೇತುವೆ. ಕೆಂಪು ಕೋಟು. ನಿಂತಿದೆ.

ಬ್ರಿಸ್ಟಲ್_ಬಸವಿ

ಅಯ್ಯೋ ದೇವರೇ. ಕೆಂಪು ಕೋಟು ಹಾಕಿಕೊಂಡು ಕದ್ದು ನೋಡಲು ಹೋಗಿದ್ದಾ ಅಕ್ಕಾ ನೀವು?

ಡಾಂಕಾಸ್ಟರ್_ಮಾಮ

ಅರ್ಧ ಮೈಲಿ ದೂರದ ಎಂಜಿನ್ನಿನ ಐದು ಅಂಕಿ ಓದುವ ಹುಡುಗ. ಅವನಿಂದ ಅಡಗಿಕೊಳ್ಳುತ್ತೀರಾ!

ಹುಬ್ಬಳ್ಳಿ_ಹುಡುಗ

"ನಿಂತಿದೆ" ಅಂತ ಬರೆದಿದ್ದಾನಲ್ರೀ, ಗಾಡಿಗೆ ಬರೆದ ಹಾಗೆ. 😂😂

ಯಾರ್ಕ್_ಅಮ್ಮ

ಬೈದೆ. "ಅಮ್ಮನಿಗೆ ಹಾಗೆ ಬರೆಯುತ್ತಾರೇನೋ" ಅಂದೆ. "ಎಲ್ಲದಕ್ಕೂ ಹಾಗೇ ಬರೆಯೋದು" ಅಂದ.

ಈ ಶನಿವಾರ ಇಳಿದು ಹೋಗುತ್ತೇನೆ, ಅಜ್ಜಂದಿರನ್ನು ಮಾತಾಡಿಸುತ್ತೇನೆ. ಬಸವಿ ಹೇಳಿದ ಹಾಗೆ ಗಂಟೆಗೊಂದು ಮೆಸೇಜ್ ಅಂತ ಒಪ್ಪಂದ ಆಗಿದೆ. 1/500 ಕೂಡ ಹೇಳಿಕೊಟ್ಟೆ. "ನಿನಗೆ ಹೇಗೆ ಗೊತ್ತು" ಅಂದ, ಮದುವೆ ಫೋಟೋಗ್ರಾಫರ್ ಹೇಳಿದರು ಅಂದೆ, ನಂಬಲಿಲ್ಲ.

ಕ್ಯಾಮೆರಾ_ಕುಪ್ಪಣ್ಣ

ಕಿತ್ತಳೆ ದೀಪ ಆಫ್ ಮಾಡಿಸಿದಿರಾ?

ಯಾರ್ಕ್_ಅಮ್ಮ

ಮರೆತೆ. ಈಗಲೇ ಹೋಗಿ ನೋಡುತ್ತೇನೆ.

ಸ್ವಿಂಡನ್_ಸೊಸೆ

ಅಜ್ಜಂದಿರಿಗೆ ಪುಳಿಯೋಗರೆ ಖಾರ ಕಮ್ಮಿ ಹಾಕಿ.